ಹೊಟ್ಟೆಯಲ್ಲಿದೆ, ಕಡತದಲ್ಲಿಲ್ಲ

ಆರೋಗ್ಯ ವಿಮಾ ಮಂಡಳಿಯ ಕೋಡ್ ಪರಿಶೀಲನಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಅಕ್ಕನ ಹೊಟ್ಟೆಯಲ್ಲಿ ಪಿತ್ತಕೋಶವಿಲ್ಲ ಎಂದು ತಮ್ಮ ಕಚೇರಿ ತೀರ್ಮಾನಿಸಿದೆ. ಇದೆ, ಸ್ವಾಮಿ. ಅದರ ತುಂಬ ಕಲ್ಲುಗಳಿವೆ, ಈಗ ಕೀವೂ ಕಟ್ಟಿದೆ. ತೆಗೆಯದಿದ್ದರೆ ಒಡೆದು ಪ್ರಾಣಕ್ಕೇ ಕುತ್ತು ಎಂದು ವೈದ್ಯರು ಬರೆದುಕೊಟ್ಟಿದ್ದಾರೆ. ಆಪರೇಷನ್ನಿಗೆ ಒಪ್ಪಿಗೆ ಕೇಳಿದ್ದಕ್ಕೆ ತಮ್ಮಿಂದ ಬಂದ ಉತ್ತರ ಒಂದೇ ಸಾಲು: 'ಸದರಿ ಅಂಗವನ್ನು ಕಳೆದ ವರ್ಷವೇ ತೆಗೆಯಲಾಗಿದ್ದು, ಮತ್ತೊಮ್ಮೆ ತೆಗೆಯಲು ಅವಕಾಶವಿರುವುದಿಲ್ಲ.' ಸ್ಕ್ಯಾನಿನಲ್ಲಿ ಕಂಡದ್ದು ತಮಗೆ ಕಾಣಲಿಲ್ಲವೆಂದರೆ ತಮ್ಮದು ಅದೆಂಥ ದಿವ್ಯದೃಷ್ಟಿ!

ನಡೆದದ್ದಿಷ್ಟು. ಅಕ್ಕ ಶಾಲೆಯ ವ್ಯಾನ್ ಓಡಿಸುತ್ತಾಳೆ. ಈಗ ಸ್ಟೇರಿಂಗ್ ಹಿಂದೆ ಕೂರಲೂ ಆಗುತ್ತಿಲ್ಲ. ಕಳೆದ ವರ್ಷ ಇದೇ ನೋವಿಗೆ ಆಪರೇಷನ್ ಥಿಯೇಟರಿಗೆ ಹೋಗಿದ್ದಳು. ಅರಿವಳಿಕೆ ಕೊಟ್ಟು ಹೊಟ್ಟೆಗೆ ತೂತು ಕೊರೆದ ಮೇಲೆ ರಕ್ತದೊತ್ತಡ ಪಾತಾಳಕ್ಕಿಳಿಯಿತು. ವೈದ್ಯರು ಮುಂದುವರಿಯದೆ ಹೊಲಿಗೆ ಹಾಕಿ ಜೀವ ಉಳಿಸಿದರು. 'ಅರ್ಧಕ್ಕೆ ನಿಲ್ಲಿಸಲಾಗಿದೆ' ಎಂದು ಅವರ ಟಿಪ್ಪಣಿಯಲ್ಲಿ ಸ್ಪಷ್ಟವಾಗಿದೆ. ಆದರೆ ಯಾವ ಚಿಕಿತ್ಸೆ ಆಯಿತೆಂದು ತಮಗೆ ತಿಳಿಸುವ ಕೋಡ್ ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದಲ್ಲಿ ಅಷ್ಟರಲ್ಲಾಗಲೇ ಬಿದ್ದಿತ್ತು, ಪಿತ್ತಕೋಶವನ್ನು ಪೂರ್ತಿ ತೆಗೆದದ್ದಕ್ಕೆ ಹಾಕುವ ಕೋಡ್.

ಆ ವಿಭಾಗ ಇರುವುದು ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕ. ಕೋಡ್ ಹಾಕುವ ಹೆಂಗಸು, ಪಾಪ, ವಿಚಾರಿಸಲು ಹೋದ ನನ್ನನ್ನು ಕುರ್ಚಿ ಕೊಟ್ಟು ಕೂರಿಸಿದರು.

"ಹಿಂದಿನ ದಿನ ಸಾಯಂಕಾಲಾನೇ ನಾಳೆ ಪಟ್ಟಿ ನೋಡ್ಕೊಂಡು ಕೋಡ್ ಹಾಕ್ಬಿಡ್ತೀವಿ ಸಾರ್. ಇಲ್ಲಾಂದ್ರೆ ಬಿಲ್ ಹೊತ್ತಿಗೆ ರೆಡಿ ಆಗಲ್ಲ."

"ನಿಲ್ಲಿಸಿದ್ರೆ ಆಮೇಲೆ ತಿದ್ದಬೇಕಲ್ವಾ? ಅದಕ್ಕೆ ಬೇರೆ ಕೋಡ್ ಇಲ್ವಾ?"

"ಇದೆ. ಅದನ್ನ ಹಾಕಿದ್ರೆ, 'ಯಾಕೆ ನಿಲ್ಲಿಸಿದ್ರಿ' ಅಂತ ಮಂಡಳಿಯವ್ರು ಫೈಲ್ ವಾಪಸ್ ಕಳಿಸ್ತಾರೆ. ತೆಗೆದ್ವಿ ಅಂದ್ರೆ ಯಾರೂ ಏನೂ ಕೇಳಲ್ಲ."

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕೇಳಿ ಬಲ್ಲೆ. ಕೂಸು ಹುಟ್ಟದಿದ್ದರೂ ಕುಲಾವಿಗೆ ಮೊಹರು ಒತ್ತುವ ಕಚೇರಿಯನ್ನು ಈಗ ಕಂಡೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವುದೇ ಪರಿಶೀಲನೆಯಾದರೆ, ತಮ್ಮ ಹುದ್ದೆಗೆ ಆ ಹೆಸರೇಕೆ? ನಿಜ ಬರೆದವರಿಗೆ ನೋಟಿಸು, ಸುಳ್ಳು ಬರೆದವರಿಗೆ ಮಂಜೂರಾತಿ. ಈ ಪಾಠ ಹೇಳಿಕೊಟ್ಟವರು ತಾವಲ್ಲದೆ ಇನ್ಯಾರು? ತಮ್ಮ ಕೌಂಟರಿನವನಂತೂ ಉಪಕಾರ ಮಾಡುವವನ ಹಾಗೆ ದನಿ ತಗ್ಗಿಸಿ ಹೇಳಿದ: "ಪಿತ್ತಕೋಶ ಮತ್ತೆ ಬೆಳೆದಿದೆ ಅಂತ ಡಾಕ್ಟರ್ ಹತ್ರ ಒಂದು ಸರ್ಟಿಫಿಕೇಟ್ ತನ್ನಿ, ನೋಡೋಣ."

ಇದನ್ನು ಮನೆಯಲ್ಲಿ ಹೇಳಿದಾಗ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಗಿಸ್ಬೇಡ್ವೋ ಮಾರಾಯ, ನೋಯುತ್ತೆ" ಅಂದವಳು ಗೋಡೆಯ ಕಡೆ ತಿರುಗಿ ಮಲಗಿದಳು. ನನಗೆ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಗುರುವಾರದ ಆಪರೇಷನ್ ಪಟ್ಟಿಯಲ್ಲಿ ಅವಳ ಹೆಸರಿದೆ. ತಮ್ಮ ಒಪ್ಪಿಗೆ ಬಾರದಿದ್ದರೆ ಆ ಹೆಸರು ಹೊಡೆದುಹಾಕುತ್ತಾರೆ. ಆದ್ದರಿಂದ ಬುಧವಾರದೊಳಗೆ ಹಳೆಯ ಕೋಡನ್ನು ರದ್ದುಪಡಿಸಿ. ಆಗುವುದಿಲ್ಲವೆಂದರೆ, ತೆಗೆದದ್ದಾಗಿದೆ ಎಂದು ತಾವು ಒಪ್ಪಿದ ಪಿತ್ತಕೋಶ ಈಗ ಯಾರ ವಶದಲ್ಲಿದೆ ಎಂದು ಲಿಖಿತವಾಗಿ ತಿಳಿಸಿ. ಅದೂ ಆಗದಿದ್ದರೆ ಒಂದೇ ಬೇಡಿಕೆ: ಅಕ್ಕ ಸತ್ತರೆ ಹಾಕುವ ಕೋಡನ್ನಾದರೂ ಹಿಂದಿನ ದಿನವೇ ಹಾಕಿಸಬೇಡಿ.

ಇಂತಿ,
ಪಿತ್ತ ನೆತ್ತಿಗೇರಿರುವ ಒಬ್ಬ ತಮ್ಮ