ಎರಡನೆಯ ಮಹಡಿಯ ಕಿಟಕಿ

ರಾಂಕೊ,

ಚುನಾವಣೆ ಗೆದ್ದೆವು ಕಣೋ. ಬೋಸ್ನಿಯಾದಲ್ಲಿ ಮುಸ್ಲಿಮರಿಗೊಂದು, ಸೆರ್ಬರಿಗೊಂದು, ಕ್ರೊವಾಟರಿಗೊಂದು ಪಕ್ಷ ಸಾಕು ಎಂದವರೆಲ್ಲ ಸೋತರು. ನಮ್ಮ ಗಣಿ ಊರಿನ ಪುರಸಭೆ ಮತ್ತೆ ನಮ್ಮದೇ. ನಮ್ಮ ಪಕ್ಷದ ಸದಸ್ಯತ್ವದ ಅರ್ಜಿಯಲ್ಲಿ ಜನಾಂಗ ಕೇಳಬಾರದೆಂದು ಹಟ ಹಿಡಿದವನು ಸೆರ್ಬನಾದ ನೀನೇ. ಯುದ್ಧ ಮುಗಿದು ಒಂಬತ್ತು ವರ್ಷವಾದರೂ ಅರ್ಜಿ ಹಾಗೇ ಇದೆ.

ಇವತ್ತು ಬೆಳಿಗ್ಗೆ, ಮೇ ಒಂದರಂದು ಮಾಡುವ ಹಾಗೆಯೇ, ಗಣಿಯ ಬ್ಯಾಂಡು ಊರನ್ನು ಎಬ್ಬಿಸಲು ಹೊರಟಿತು. ಪದ್ಧತಿ ನಿನಗೆ ಗೊತ್ತಲ್ಲ, ಪಕ್ಷದ ಪ್ರತಿ ಸದಸ್ಯನ ಕಿಟಕಿ ತೆರೆಯುವವರೆಗೆ ಮುಂದೆ ಹೋಗುವಂತಿಲ್ಲ. ಡ್ರಮ್ಮಿನ ಮುದುಕ ಹಾಸೊ ನಿನ್ನ ಮನೆಯ ಕಿಟಕಿಯ ಕೆಳಗೆ ನಿಂತುಬಿಟ್ಟ.

"ನಡಿ ಮಾರಾಯ, ಅವನು ಊರು ಬಿಟ್ಟು ಎಷ್ಟು ವರ್ಷ ಆಯ್ತು," ಅಂದೆ.

"ಊರು ತಾನೇ ಬಿಟ್ಟಿದ್ದು? ಪಟ್ಟಿಯಿಂದ ಅವನ ಹೆಸರು ತೆಗೆದಿದೀಯಾ?"

"ಇಲ್ಲ."

"ಹಾಗಾದ್ರೆ ಬಾಯಿ ಮುಚ್ಕೊಂಡು ನಿಂತ್ಕೊ."

ಕಿಟಕಿ ತೆರೆಯಿತು. ಡ್ರೀನಾ ನದಿಯ ಕಡೆಯಿಂದ ಯುದ್ಧದಲ್ಲಿ ಎಲ್ಲ ಕಳೆದುಕೊಂಡು ಬಂದು ಈಗ ಅಲ್ಲಿರುವ ವಿಧವೆ ಫಾತಾ ತಲೆ ಹೊರಗೆ ಹಾಕಿದಳು. "ನಿಮಗೇ ಓಟು ಹಾಕಿದೀನಿ, ಆದ್ರೂ ನಿದ್ದೆ ಮಾಡೋಕೆ ಬಿಡಲ್ವಲ್ಲ. ಮೇಲೆ ಬನ್ನಿ, ಕಾಫಿ ಇಡ್ತೀನಿ."

ಬೀದಿಯೆಲ್ಲ ನಕ್ಕಿತು. ಇಡೀ ಬ್ಯಾಂಡು ತುತ್ತೂರಿಗಳ ಸಮೇತ ನಿನ್ನ ಮೆಟ್ಟಿಲು ಹತ್ತಿತು. ಅಷ್ಟು ಒಳ್ಳೆಯ ಕಾಫಿಯನ್ನು ನಾನು ಯಾವ ಗೆಲುವಿನಲ್ಲೂ ಕುಡಿದಿಲ್ಲ.

ನಿನ್ನ ವಿಳಾಸ ನನ್ನ ಹತ್ತಿರ ಇದೆ, ಆದರೂ ಇದನ್ನು ಕಳಿಸಲಾರೆ. ಯುದ್ಧದ ಕಾಲದಲ್ಲಿ ಊರು ಬಿಡುವ ಬೆಳಿಗ್ಗೆ ನೀನು ಚೀಲ ಹಿಡಿದು ನನ್ನ ಕಿಟಕಿಯ ಕೆಳಗೆ ನಿಂತು ಕೂಗಿದೆ. ನಾನು ಒಳಗೆ ಪರದೆಯ ಹಿಂದೆ ನಿಂತು ಎಣಿಸಿದೆ: ಸರಿಯಾಗಿ ಏಳು ಸಲ, ರಾಂಕೊ.

ಸೆಯ್ಫೊ