ಸದ್ದು ಮಾಡದ ಪೆಟ್ಟಿಗೆ

ಅಣ್ಣಾ ನಗರ್, ಚೆನ್ನೈ
ಗುರುವಾರ, ೧೨ ಜೂನ್ ೨೦೨೫

ಪ್ರಿಯ ವಿಮಲಾ,

ನಿನ್ನ ಮೊಣಕಾಲಿನ ನೋವು ಹೇಗಿದೆ? ಜಾನಕಮ್ಮನವರು ಕೋಲಿನ ಆಸರೆಯಿಲ್ಲದೆ ಅಂಗಳದವರೆಗೆ ನಡೆದರೆಂದು ನೀನು ಭಾನುವಾರ ಫೋನಿನಲ್ಲಿ ಹೇಳಿದ್ದು ಕೇಳಿ ಸಂತೋಷವಾಯಿತು. ಸೊಂಟದ ಮೂಳೆ ಮುರಿದುಕೊಂಡ ಅಕ್ಕನನ್ನು ನೋಡಿಕೊಳ್ಳಲು ಒಂದು ತಿಂಗಳ ಮಟ್ಟಿಗೆಂದು ನವೆಂಬರಿನಲ್ಲಿ ಪುತ್ತೂರಿಗೆ ಹೋದೆ. ಈಗ ಜೂನ್ ನಡೆಯುತ್ತಿದೆ. ಇದು ಆಕ್ಷೇಪಣೆಯಲ್ಲ. ನಾನು ಕ್ಷೇಮ. ರಕ್ತದೊತ್ತಡದ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿಲ್ಲ. ಸಾರಿಗೆ ಹುಳಿ ಹೆಚ್ಚಾಗುವ ದೋಷ ಮಾತ್ರ ಇನ್ನೂ ತಿದ್ದಿಕೊಂಡಿಲ್ಲ. ಒಬ್ಬನಿಗೆ ಎಷ್ಟು ಹುಣಸೆಹಣ್ಣು ಬೇಕೆಂಬುದು ನನಗೆ ಈ ವಯಸ್ಸಿನಲ್ಲಿ ಹೊಸ ಪಾಠ.

ಫೋನ್ ಇರುವಾಗ ಪತ್ರವೇಕೆಂದು ನೀನು ಕೇಳುವೆ. ಫೋನಿನಲ್ಲಿ ನಾನೊಂದು ವಾಕ್ಯವನ್ನು ಪೂರ್ಣಗೊಳಿಸುವಷ್ಟರಲ್ಲಿ ನೀನು "ಆಯ್ತು, ಇಡ್ತೇನೆ" ಎನ್ನುತ್ತೀಯೆ. ಕಳೆದ ತಿಂಗಳು, ಯಾವಾಗ ಬರುವೆ ಎಂದು ಕೇಳಿದ್ದಕ್ಕೆ, "ಇಲ್ಲಿ ಮಾತಾಡ್ಲಿಕ್ಕೆ ಜನ ಉಂಟು ಮಾರಾಯ್ರೆ. ಅಲ್ಲಿ ಬಂದು ಗೋಡೆ ನೋಡ್ಲಿಕ್ಕಾ?" ಎಂದೆ. ನಗುತ್ತಲೇ ಹೇಳಿದೆ, ನಿಜ. ಆದರೆ ಬರುವ ದಿನವನ್ನು ಹೇಳಲಿಲ್ಲ. ಅಂದಿನಿಂದ ಆ ಗೋಡೆಯನ್ನು ನಾನು ನೋಡುತ್ತಿದ್ದೇನೆ. ನೀನು ಹೇಳಿದ್ದರಲ್ಲಿ ತಿದ್ದುವುದಕ್ಕೆ ಏನೂ ಕಾಣಲಿಲ್ಲ.

ಇನ್ನು ಸಮಾಚಾರಕ್ಕೆ ಬರುತ್ತೇನೆ. ಮಂಚದ ಕೆಳಗಿನ ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ನನ್ನ ಪಾಠದ ಕ್ಯಾಸೆಟ್ಟುಗಳು ನಿನಗೆ ನೆನಪಿರಬೇಕು. ಇಲ್ಲಿ ತಮಿಳು ಶಾಲೆಗಳಲ್ಲಿ ಓದುತ್ತಿದ್ದ ನಮ್ಮ ಮಕ್ಕಳಿಗೆ ಕನ್ನಡದ ಉಚ್ಚಾರ ಕೆಡಬಾರದೆಂದು ಭಾನುವಾರದ ಬೆಳಗ್ಗೆಗಳಲ್ಲಿ ಧ್ವನಿಮುದ್ರಿಸಿದವು, ಒಟ್ಟು ಎಂಬತ್ತನಾಲ್ಕು. ಅವು ಬೂಷ್ಟು ಹಿಡಿಯುತ್ತಿದ್ದುದರಿಂದ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸತೊಡಗಿದೆ. ಮೂರನೆಯ ಮಹಡಿಯ ರಚನಾ ತನ್ನ ಲ್ಯಾಪ್‌ಟಾಪ್ ತಂದು ನೆರವಾದಳು. ಅವಳು ಹುಟ್ಟಿದ್ದು ಇಲ್ಲಿಯೇ ಆದ್ದರಿಂದ ಅವಳ ಕನ್ನಡದಲ್ಲಿ ಅರ್ಧ ತಮಿಳು, ಕಾಲು ಇಂಗ್ಲಿಷ್. ಆದರೂ ಕೆಲಸದಲ್ಲಿ ಅಚ್ಚುಕಟ್ಟು. "ಮಾಮಾ, ನಿಮಗೆ ಒಂದು ಕುಟ್ಟಿ ಪಿಸಿ ಪೋದುಂ, ಚಿಕ್ಕದು ಸಾಕು. ಅದರಲ್ಲಿ ಎಲ್ಲ ಹಾಕಿಟ್ಟು ಯಾವಾಗ್ಲೂ ಆನ್‌ನಲ್ಲೇ ಬಿಟ್ರೆ, ಟಿವಿಲೂ ಕೇಳ್ಬೋದು, ಪುತ್ತೂರಲ್ಲಿ ಮಾಮಿ ಫೋನ್‌ಲೂ ಕೇಳ್ಬೋದು" ಎಂದಳು. ಮಾಮಿ ಕೇಳುವಳೋ ಇಲ್ಲವೋ ಎಂಬುದು ಬೇರೆ ಮಾತು. ಆ ಪಾಠಗಳನ್ನು ನೀನು ಬೇಕಾದಷ್ಟು ಸಲ ಕೇಳಿದ್ದೀಯೆ.

ಆಯ್ಕೆಗೆ ನಾನು ಮೂರು ನಿಯಮ ಹಾಕಿಕೊಂಡೆ: ಬೆಲೆ ಕಡಿಮೆಯಿರಬೇಕು, ವಿದ್ಯುತ್ತನ್ನು ಹೆಚ್ಚು ತಿನ್ನಬಾರದು, ಸದ್ದು ಮಾಡಬಾರದು. ಮೂರನೆಯದೇ ಮುಖ್ಯ; ಕಾರಣವನ್ನು ಆಮೇಲೆ ಬರೆಯುತ್ತೇನೆ. ಕೆಳಗಿನ ಮನೆಯ ಜಯಪ್ರಕಾಶ್, "ಎಂತಕ್ಕೆ ಮಾಸ್ಟ್ರೇ ಹೊಸತು? ನಮ್ಮ ಹೋಟ್ಲಿನ ಹಳೆ ಬಿಲ್ಲಿಂಗ್ ಕಂಪ್ಯೂಟರ್ ಉಂಟು, ತಗೊಂಡೋಗಿ" ಎಂದು ತಾವೇ ಹೊತ್ತು ತಂದಿಟ್ಟರು. ಅದು ಹಿಟ್ಟು ರುಬ್ಬುವಂತೆ ಗುರುಗುಟ್ಟಿತು. ಎರಡು ದಿನ ಸಹಿಸಿ, ಧನ್ಯವಾದ ಹೇಳಿ ಹಿಂದಿರುಗಿಸಿದೆ. ಬಳಿಕ ರಚನಾ ತನ್ನ ಗೆಳತಿಯದೊಂದು ಫ್ಯಾನೇ ಇಲ್ಲದ ಪೆಟ್ಟಿಗೆಯನ್ನು ಪರೀಕ್ಷೆಗೆಂದು ತಂದುಕೊಟ್ಟಳು. ಅದು ಋಷಿಯಂತೆ ಮೌನವಾಗಿತ್ತು, ಆದರೆ ಇಲ್ಲಿಯ ಸೆಕೆಗೆ ಮಧ್ಯಾಹ್ನದ ಹೊತ್ತಿಗೆ ದೋಸೆಯ ಕಾವಲಿಯಾಯಿತು. ಹೊಸದರ ಬೆಲೆಯೂ ನನ್ನ ಪಿಂಚಣಿಗೆ ಭಾರ.

ಕೊನೆಗೆ ರಿಚ್ಚಿ ಸ್ಟ್ರೀಟಿಗೆ ಹೋದೆವು. ಕಚೇರಿಗಳು ಉಪಯೋಗಿಸಿ ಬಿಟ್ಟ ಸಣ್ಣ ಕಂಪ್ಯೂಟರುಗಳನ್ನು ಅಲ್ಲಿ ಒರೆಸಿ, ಪರೀಕ್ಷಿಸಿ ಮಾರುತ್ತಾರೆ. ಪಂಚಾಂಗದಷ್ಟು ದಪ್ಪ, ತಿಂಡಿಯ ತಟ್ಟೆಯಷ್ಟು ಅಗಲ; ಒಳಗೆ ತಿರುಗುವ ಡಿಸ್ಕಿಲ್ಲ, ಇರುವುದು ಒಂದು ಪುಟ್ಟ ಫ್ಯಾನ್ ಮಾತ್ರ. ಆದರೆ ಆ ಬೀದಿಯ ಗಲಾಟೆಯಲ್ಲಿ ನಿಶ್ಶಬ್ದವನ್ನು ಪರೀಕ್ಷಿಸುವುದು ಹೇಗೆ? ನಾನು ಅಂಗಡಿಯವನ ಉಗ್ರಾಣದೊಳಗೆ ಹೋಗಿ, ಬಾಗಿಲು ಮುಚ್ಚಿಸಿ, ರಟ್ಟಿನ ಡಬ್ಬಗಳ ನಡುವೆ ಕುಳಿತು ಒಂದೊಂದನ್ನೇ ಚಾಲೂ ಮಾಡಿ ಕಿವಿಗೊಟ್ಟೆ. ನಾಲ್ಕನೆಯದಕ್ಕೆ ಹೊರಗಿನಿಂದ ಅಂಗಡಿಯವನು, "ಡಾಕ್ಟರ್ ಸಾರ್, ಪೇಷಂಟ್ ಎಪ್ಪಡಿ ಇರುಕ್ಕಾರ್?" ಎಂದು ಕೂಗಿ ರೋಗಿಯ ಆರೋಗ್ಯ ವಿಚಾರಿಸಿದ. ರಚನಾ ನಕ್ಕಿದ್ದು ನನಗೆ ಕೇಳಿಸಿತು. ಐದನೆಯದರ ಸದ್ದು, ಮಲಗಿದ ಮಗುವಿನ ಉಸಿರಿಗಿಂತ ಮೆತ್ತಗಿತ್ತು. ಅದನ್ನೇ ತಂದೆ.

ಇನ್ನು ಕಾರಣ. ರೆಕಾರ್ಡಿಂಗಿನ ದಿನಗಳಲ್ಲಿ ಅಡಿಗೆಮನೆಯ ಬಾಗಿಲಿಗೆ ನಾನು ಅಂಟಿಸಿದ್ದ ಚೀಟಿಯನ್ನು ನೀನು ಮರೆತಿರಲಾರೆ. ಒಂಬತ್ತರಿಂದ ಹತ್ತೂವರೆಯವರೆಗೆ ಮಿಕ್ಸಿ ಕೂಡದು, ಕುಕ್ಕರ್ ಕೂಡದು, ನಲ್ಲಿ ಕೂಡದು, ಮಾತು ಕೂಡದು. ಚೀಟಿ ಹೋದರೂ ಅಂಟಿನ ಕಲೆ ಇನ್ನೂ ಇದೆ. ನಿನ್ನೆ ಒದ್ದೆ ಬಟ್ಟೆಯಿಂದ ಉಜ್ಜಿದೆ, ಹೋಗಲಿಲ್ಲ. ಹದಿನಾರು ವರ್ಷ ಆ ಒಂದೂವರೆ ಗಂಟೆ ನೀನು ಬಳೆಗಳನ್ನು ಮೇಲೆ ಸರಿಸಿಕೊಂಡು ಓಡಾಡಿದೆ. ಅಷ್ಟಾದರೂ ನನಗೆ ತೃಪ್ತಿಯಿರಲಿಲ್ಲ. ಕ್ಯಾಸೆಟ್ಟುಗಳನ್ನು ಇಳಿಸುವಾಗ, ಹಿನ್ನೆಲೆಯ ಸದ್ದನ್ನು ಅಳಿಸುವ ಒಂದು ಗುಂಡಿಯನ್ನು ರಚನಾ ತೋರಿಸಿದಳು. ಮೊದಲ ಮೂವತ್ತು ಕ್ಯಾಸೆಟ್ಟುಗಳಿಗೆ ಅದನ್ನು ತಪ್ಪದೆ ಒತ್ತಿದೆ. ನನ್ನ ಧ್ವನಿ ಕನ್ನಡಿಯಂತೆ ಸ್ವಚ್ಛವಾಯಿತು. ಆ ಕ್ಯಾಸೆಟ್ಟುಗಳನ್ನು ಹಳೆ ಪೇಪರಿನವನಿಗೆ ಹಾಕಿದೆ.

ಮೂವತ್ತೊಂದನೆಯದಕ್ಕೆ ಗುಂಡಿ ಒತ್ತಲು ಮರೆತೆ. ನಾನು ಒಂದು ಗದ್ಯಭಾಗವನ್ನು ಓದಿ, ಮಕ್ಕಳು ಪುನರುಚ್ಚರಿಸಲೆಂದು ನಿಲ್ಲಿಸಿದ್ದೇನೆ. ಆ ಮೌನದಲ್ಲಿ, ಬಲು ದೂರದಲ್ಲಿ, ಬಾಗಿಲಿಗೆ ಬಂದ ಹೂವಿನವಳಿಗೆ ನೀನು ಪಿಸುಗುಟ್ಟುತ್ತೀಯೆ: "ಶ್, ಮೆಲ್ಲ. ಒಳಗೆ ಪಾಠ ಆಗ್ತಾ ಉಂಟು. ನಮ್ಮವರು ಚಂದ ಓದ್ತಾರೆ, ಸ್ವಲ್ಪ ಕೇಳು." ಅದಾದ ಕೂಡಲೇ ನನ್ನ ಧ್ವನಿ, ದೊಡ್ಡದಾಗಿ: "ವಿಮಲಾ, ಬಾಗಿಲು ಹಾಕು." ಬಳಿಕ ಬಾಗಿಲು ಹಾಕಿದ ಸದ್ದು. ಆಮೇಲೆ ನಲವತ್ತು ನಿಮಿಷ ನಾನೊಬ್ಬನೇ.

ಜಯಪ್ರಕಾಶರ ಕಂಪ್ಯೂಟರು ಗುರುಗುಟ್ಟುವಾಗ ಆ ಪಿಸುಮಾತು ಕೇಳಿಸುತ್ತಿರಲಿಲ್ಲ. ಇದರಲ್ಲಿ ಕೇಳಿಸುತ್ತದೆ. ಉಳಿದ ಐವತ್ತಮೂರು ಕ್ಯಾಸೆಟ್ಟುಗಳನ್ನು ಗುಂಡಿ ಒತ್ತದೆಯೇ ಇಳಿಸಿದ್ದೇನೆ. ನನ್ನ ಪಾಠಕ್ಕಾಗಿ ಕೇಳುತ್ತಿಲ್ಲ. ನಿಲ್ಲಿಸಿದ ಕಡೆಗಳಿಗಾಗಿ ಕೇಳುತ್ತೇನೆ. ಇದುವರೆಗೆ ನೀನು ಹನ್ನೊಂದು ಸಲ ಸಿಕ್ಕಿದ್ದೀಯೆ. ಎರಡು ಕಡೆ ಬಳೆಯ ಸದ್ದು ಮಾತ್ರ, ಒಂದು ಕಡೆ ಕೆಮ್ಮು. ಆ ಕೆಮ್ಮಿಗಾಗಿ ಅಂದು ಪಾಠವನ್ನು ಬೇರೆ ಕ್ಯಾಸೆಟ್ಟಿನಲ್ಲಿ ಮೊದಲಿನಿಂದ ಮುದ್ರಿಸಬೇಕಾಯಿತೆಂದು ನಿನ್ನ ಮೇಲೆ ರೇಗಿದ್ದು ನೆನಪಾಯಿತು. ಮೊದಲ ಮೂವತ್ತರಲ್ಲಿ ನೀನು ಎಷ್ಟು ಸಲ ಇದ್ದೆಯೋ ತಿಳಿಯುವ ದಾರಿಯಿಲ್ಲ. ಈ ತಪ್ಪನ್ನು ಯಾರ ಉತ್ತರಪತ್ರಿಕೆಯಲ್ಲೂ ನಾನು ಕಂಡಿಲ್ಲ. ಅಂಕ ಕಳೆಯುವುದು ಹೇಗೆಂದೂ ತಿಳಿಯದು.

ಜಾನಕಮ್ಮನವರಿಗೆ ನನ್ನ ನಮಸ್ಕಾರಗಳನ್ನು ತಿಳಿಸು. ಮಳೆ ಹಿಡಿದಿರಬಹುದು, ಬಾವಿಕಟ್ಟೆಯ ಬಳಿ ನೋಡಿಕೊಂಡು ನಡೆ. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ
ಪದ್ಮನಾಭ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಇದನ್ನು ಅವಸರದಲ್ಲಿ ಬರೆಯುತ್ತಿದ್ದೇನೆ, ತಿದ್ದಿ ಬರೆಯಲು ಹೊರಟರೆ ಬರೆಯದೆಯೇ ಬಿಟ್ಟೇನು. ಪೆಟ್ಟಿಗೆಯ ತೂಕ ಒಂದೂವರೆ ಕಿಲೋ, ಕೈಚೀಲದಲ್ಲಿ ಹಿಡಿಯುತ್ತದೆ. ಇದೇ ಇಪ್ಪತ್ತೈದನೆಯ ತಾರೀಕಿನ ಮಂಗಳೂರು ಮೇಲ್‌ಗೆ ಒಂದು ಟಿಕೆಟ್ ತೆಗೆದಿದ್ದೇನೆ, ಬರುವುದಕ್ಕೆ ಮಾತ್ರ. ನಿನ್ನನ್ನು ಕರೆದುಕೊಂಡು ಬರಲು ಅಲ್ಲ. ನೀವಿಬ್ಬರು ಮಾತಾಡುವಲ್ಲಿ ಒಂದು ಕುರ್ಚಿಗೆ ಜಾಗವಿದೆಯೇ ಎಂದು ಜಾನಕಮ್ಮನವರನ್ನು ಕೇಳಿ ತಿಳಿಸು. ಬೇಡವೆಂದಾದರೆ ಫೋನಿನಲ್ಲಿ ಹೇಳು. ಈ ಸಲ ನೀನು ಮುಗಿಸುವವರೆಗೆ ಕೇಳುತ್ತೇನೆ.