ಮೊಂಟಾನಾದಲ್ಲಿ ನಮ್ಮ ಕಣಿವೆಯ ರಾಗ

ಪ್ರೀತಿಯ ತಂಗಿ ಲೊವೀನಾ,

ಈ ಹೊತ್ತಿಗೆ ನಾನು ಪೆನ್ಸಿಲ್ವೇನಿಯಾಕ್ಕೆ, ನಮ್ಮ ಕಣಿವೆಗೆ ಮರಳುವ ರೈಲಿನಲ್ಲಿರಬೇಕಿತ್ತು. ಇಲ್ಲಿ ಮೊಂಟಾನಾದ ಮಗಳ ಮನೆಯಲ್ಲಿ ಯಾವುದಕ್ಕೂ ಕೊರತೆಯಿಲ್ಲ. ಆದರೆ ನಮ್ಮದೇ ಕ್ರೈಸ್ತ ಪಂಥದವರಾದ ಇಲ್ಲಿಯ ಆಮಿಶ್ ಜನ, ನಂಬಿಕೆಗಾಗಿ ಸೆರೆ ಸೇರಿದ ನಮ್ಮ ಹಿರಿಯರು ಸೆರೆಮನೆಯಲ್ಲೇ ಕಟ್ಟಿದ ಹಾಡುಗಳನ್ನು ಯಾರೋ ಅಟ್ಟಿಸಿಕೊಂಡು ಬಂದಂತೆ ಹಾಡಿ ಮುಗಿಸುತ್ತಾರೆ. ಕೇಳಿದಾಗಲೆಲ್ಲ ಅಪ್ಪನ ನೆನಪಾಗಿ, ಊರಿಗೆ ಹೊರಟೇಬಿಡೋಣ ಅಂದುಕೊಂಡಿದ್ದೆ.

ನಿನ್ನೆ ಹುಲ್ಲಿನ ಕೊಟ್ಟಿಗೆಯಲ್ಲಿ ಭಾನುವಾರದ ಪ್ರಾರ್ಥನೆ. ಹಾಡು ಎತ್ತಿಕೊಡಲು ನನಗೇ ಹೇಳಿದರು. ಅಪ್ಪನ ಹಾಗೆ ಒಂದೊಂದು ಅಕ್ಷರವನ್ನೂ ಎಳೆದೆ. ಎರಡನೇ ಸಾಲಿಗೇ ಎಲ್ಲರಿಗೂ ಉಸಿರು ಸಾಲದೆ ಒಬ್ಬೊಬ್ಬರಾಗಿ ನಿಲ್ಲಿಸಿದರು. ನಾಚಿಕೆಯಾಗಿ ನಾನೂ ಬಿಡುವುದರಲ್ಲಿದ್ದೆ. ಆಗ ಹೆಂಗಸರ ಬೆಂಚಿನಿಂದ ನಡುಗುವ ದನಿಯೊಂದು ಜೊತೆಗೂಡಿ, ಕೊನೆಯವರೆಗೂ ಬಂತು.

"ಮಾವ, ಇನ್ನೊಂದು ಚರಣ ಹಾಡಿದ್ದಿದ್ರೆ ಸೂಪು ಮಂಜುಗಡ್ಡೆ ಆಗ್ತಿತ್ತು" ಎಂದು ಊಟಕ್ಕೆ ಕೂತಾಗ ಅಳಿಯ ಕೆಣಕಿದ. ಅಷ್ಟರಲ್ಲಿ ಆ ದನಿಯವರು, ಎಂಬತ್ತು ದಾಟಿದ ಸಲೋಮಕ್ಕ, ಕೋಲೂರಿಕೊಂಡು ಬಂದರು.

"ಯಾರ ಮಗನೋ ನೀನು? ನಾನು ಮದುವೆಯಾಗಿ ನಮ್ಮ ಕಣಿವೆ ಬಿಟ್ಟು ಅರವತ್ತು ವರ್ಷ ಆಯ್ತು. ಈ ರಾಗ ನನ್ನ ಜೊತೇನೇ ಮಣ್ಣಾಗುತ್ತೆ ಅಂದ್ಕೊಂಡಿದ್ದೆ ಕಣೋ."

ನನ್ನ ತೋಳು ಹಿಡಿದು ಅತ್ತುಬಿಟ್ಟರು. ಗುರುವಾರ ಗುರುವಾರ ಬಂದು ಮೊಮ್ಮಕ್ಕಳಿಗೆ ಕಲಿಸು ಎಂದರು. ಒಪ್ಪಿಕೊಂಡೆ; ಸದ್ಯಕ್ಕೆ ನಾನು ಊರಿಗೆ ಬರುವುದಿಲ್ಲ.

ಮಂಡಿನೋವು ಕಡಿಮೆ. ಅಲ್ಲಿರುವ ನನ್ನ ಕುದುರೆಗೆ ಲಾಳ ಹೊಡೆಸಿ ನೀವೇ ಗಾಡಿಗೆ ಕಟ್ಟಿಕೊಳ್ಳಿ. ನಾಲ್ಕನೇ ಸಾಲಿನ ತಿರುವಿನ ಬಗ್ಗೆ ನನಗೂ ಸಲೋಮಕ್ಕನಿಗೂ ಆಗಲೇ ಜಗಳವಾಗಿದೆ. ಅಪ್ಪ ಅದನ್ನು ಹೇಗೆ ಹಾಡುತ್ತಿದ್ದರೆಂದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಬರೆದು ಕಳಿಸುವಂಥದ್ದಲ್ಲ ಅದು. ನೀನೇ ಬಂದು ಹಾಡಿ ತೋರಿಸು.

ನಿನ್ನಣ್ಣ,
ಯೋಸ್ಟ್